ಕಪ್ಪು ಬೂದಾದರೆ ಯಾವ ಬಟನ್ ಒತ್ತಬೇಕು? ಪ್ರೊಜೆಕ್ಟರ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವರು ಕೇಳಿರುವುದು ಅಂಕಿಗಳನ್ನು: ಬ್ರೈಟ್‌ನೆಸ್ ಎಷ್ಟಿಡಬೇಕು, ಕಾಂಟ್ರಾಸ್ಟ್ ಎಷ್ಟು? ಹಾಗೆ ಅಂಕಿ ಹೇಳಿ ಪ್ರಯೋಜನವಿಲ್ಲ. ಒಂದು ಪ್ರೊಜೆಕ್ಟರ್‌ನ 50 ಇನ್ನೊಂದರಲ್ಲಿ 0 ಇರುತ್ತದೆ. ಅದಕ್ಕೂ ಮೊದಲು ನೋಡಬೇಕಾದದ್ದು ಒಳಗೆ ಬರುತ್ತಿರುವ ಸಿಗ್ನಲ್. ಅದು ಕೆಟ್ಟಿರುವಾಗ ಚಿತ್ರ ತಿದ್ದಲು ಕೂತರೆ ಸಂಜೆಯೆಲ್ಲ ರಿಮೋಟ್ ಒತ್ತುವುದೇ ಆಗುತ್ತದೆ.

ಪ್ರಶ್ನೆ: ಶಾಲೆಯ ಪ್ರೊಜೆಕ್ಟರ್‌ನಲ್ಲಿ ಬಿಳಿ ಬಣ್ಣವೆಲ್ಲ ಹಳದಿಯಾಗಿ ಕಾಣುತ್ತಿದೆ. ಕಲರ್ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಸರಿಹೋಗಲಿಲ್ಲ. ವಿಜಿಎ ಕೇಬಲ್ ಗೋಡೆಯೊಳಗಿನಿಂದ ಬಂದಿದೆ. ಅಕ್ಷರಗಳೂ ಅಲ್ಲಲ್ಲಿ ಮಸುಕು.
– ಪ್ರೌಢಶಾಲಾ ಶಿಕ್ಷಕಿ, ಹೊಸದುರ್ಗ ತಾಲ್ಲೂಕು

ಉತ್ತರ: ಮೊದಲು ರಿಮೋಟ್‌ನ ಮೆನು ಬಟನ್ ಒತ್ತಿ. ಮೆನುವನ್ನು ಪ್ರೊಜೆಕ್ಟರ್ ತಾನೇ ತಯಾರಿಸಿ ತೋರಿಸುತ್ತದೆ, ಕೇಬಲ್‌ಗೂ ಅದಕ್ಕೂ ಸಂಬಂಧವಿಲ್ಲ. ಮೆನುವಿನ ಬಿಳಿ ಅಕ್ಷರ ಬಿಳಿಯಾಗಿಯೇ ಇದ್ದರೆ ಪ್ರೊಜೆಕ್ಟರ್ ಚೆನ್ನಾಗಿದೆ, ದೋಷ ಕೇಬಲ್‌ನದು ಇಲ್ಲವೇ ಲ್ಯಾಪ್‌ಟಾಪ್‌ನದು. ಮೆನುವೂ ಹಳದಿಯಾಗಿ, ಕಲರ್ ಸೆಟ್ಟಿಂಗ್‌ಗಳನ್ನು ರೀಸೆಟ್ ಮಾಡಿದರೂ ಹಾಗೆಯೇ ಉಳಿದರೆ ಮಾತ್ರ ಸರ್ವಿಸ್‌ನವರನ್ನು ಕರೆಯಿರಿ. ಹಳೆಯ ಎಲ್‌ಸಿಡಿ ಪ್ರೊಜೆಕ್ಟರ್‌ಗಳಲ್ಲಿ ನೀಲಿ ಬೆಳಕಿನ ದಾರಿಯಲ್ಲಿರುವ ಪೋಲರೈಸರ್ ಎಂಬ ತೆಳು ಹಾಳೆ ಬಿಸಿಗೆ ಸುಟ್ಟುಹೋಗಿ ಇಡೀ ಚಿತ್ರ ಹಳದಿಗೆ ತಿರುಗುವುದುಂಟು. ಅದು ಮೆನುವಿನಿಂದ ಸರಿಯಾಗುವ ದೋಷವಲ್ಲ.

ಕೇಬಲ್‌ನದೇ ದೋಷ ಎಂದಾದರೆ ನೀಲಿ ಬಣ್ಣ ತಲುಪುತ್ತಿಲ್ಲ ಎಂದರ್ಥ. ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ನೀಲಿ ಹೋದರೆ ಬಿಳಿ ಹಳದಿಯಾಗುತ್ತದೆ, ಹಸಿರು ಹೋದರೆ ಕಡುಗುಲಾಬಿ, ಕೆಂಪು ಹೋದರೆ ತಿಳಿನೀಲಿ. ಕೇಬಲ್‌ನ ತುದಿಯನ್ನು ಅಗಲದ ಬದಿ ಮೇಲಿರುವಂತೆ ಮುಖದೆದುರು ಹಿಡಿಯಿರಿ. ಮೇಲಿನ ಸಾಲಿನಲ್ಲಿ ಎಡದಿಂದ 1 ಕೆಂಪು, 2 ಹಸಿರು, 3 ನೀಲಿ. ಮೂರನೆಯ ಪಿನ್ ಬಾಗಿದೆಯೇ, ಒಳಕ್ಕೆ ಹೋಗಿದೆಯೇ ನೋಡಿ. ಬಾಗಿದ್ದರೆ ಖಾಲಿ ರೀಫಿಲ್‌ನ ಕೊಳವೆಯನ್ನು ಪಿನ್ ಮೇಲೆ ತೂರಿಸಿ ಮೆಲ್ಲಗೆ ನೇರ ಮಾಡಬಹುದು. ನಡುಸಾಲಿನ 9ನೆಯ ಪಿನ್ ಅನೇಕ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದನ್ನು ನೋಡಿ ಕೇಬಲ್ ಎಸೆಯಬೇಡಿ. ಆದರೆ ಕೆಳಸಾಲಿನ 12 ಮತ್ತು 15 ಬೇಕೇ ಬೇಕು. ಪ್ರೊಜೆಕ್ಟರ್ ತಾನು ಯಾವ ರೆಸಲ್ಯೂಶನ್‌ನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಈ ಎರಡರ ಮೂಲಕ. ಅವು ಮುರಿದರೆ ಚಿತ್ರ ಬರುತ್ತದೆ, ಆದರೆ ಸರಿಯಾದ ರೆಸಲ್ಯೂಶನ್ ಪಟ್ಟಿಯಲ್ಲೇ ಕಾಣಿಸದೆ ಲ್ಯಾಪ್‌ಟಾಪ್ 1024×768ಕ್ಕೋ ಅದಕ್ಕೂ ಕೆಳಗೋ ಅಂಟಿಕೊಳ್ಳುತ್ತದೆ.

ಅಕ್ಷರ ಮಸುಕಾಗಲು ಎರಡು ಕಾರಣ. ಒಂದು, ಪ್ರೊಜೆಕ್ಟರ್‌ನ ಸ್ವಂತ ರೆಸಲ್ಯೂಶನ್‌ಗೂ ಲ್ಯಾಪ್‌ಟಾಪ್ ಕಳಿಸುವುದಕ್ಕೂ ತಾಳೆಯಾಗದಿರುವುದು. ಶಾಲೆಗಳಲ್ಲಿರುವ ಹಲವು ಪ್ರೊಜೆಕ್ಟರ್‌ಗಳು 1024×768 ಅಥವಾ 1280×800. ಕೈಪಿಡಿಯಲ್ಲಿ ನೇಟಿವ್ ರೆಸಲ್ಯೂಶನ್ ಎಂದಿರುವುದನ್ನೇ 60 ಹರ್ಟ್ಸ್‌ನಲ್ಲಿ ಕೊಡಿ. ಎರಡನೆಯ ಕಾರಣ ಟ್ರ್ಯಾಕಿಂಗ್ ಮತ್ತು ಸಿಂಕ್, ಅಂದರೆ ವಿಜಿಎ ಸಿಗ್ನಲ್ಲನ್ನು ಪ್ರೊಜೆಕ್ಟರ್‌ನ ಪಿಕ್ಸೆಲ್‌ಗಳಿಗೆ ಹೊಂದಿಸುವ ಎರಡು ಸೆಟ್ಟಿಂಗ್‌ಗಳು ತಪ್ಪಿರುವುದು. ಕೆಲವು ಕಂಪನಿಗಳು ಇವನ್ನೇ ಫ್ರೀಕ್ವೆನ್ಸಿ ಮತ್ತು ಫೇಸ್ ಎನ್ನುತ್ತವೆ. ಪರದೆ ತುಂಬ ಬಿಳಿ ಹಾಳೆ ಮತ್ತು ಸಣ್ಣ ಅಕ್ಷರ ಇಟ್ಟುಕೊಂಡು ಆಟೋ ಬಟನ್ ಒತ್ತಿ. ಕಪ್ಪು ಸ್ಲೈಡ್ ಇಟ್ಟು ಒತ್ತಿದರೆ ಚಿತ್ರದ ಅಂಚು ಎಲ್ಲಿದೆಯೆಂದು ಅದಕ್ಕೆ ಗೊತ್ತಾಗದೆ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಆಮೇಲೂ ಉದ್ದುದ್ದ ಪಟ್ಟೆಗಳು ಉಳಿದರೆ ಮೊದಲು ಟ್ರ್ಯಾಕಿಂಗ್ ಬದಲಿಸಿ ಪಟ್ಟೆ ಹೋಗಿಸಿ, ನಂತರ ಸಿಂಕ್ ಬದಲಿಸಿ ಅಕ್ಷರದ ನಡುಕ ನಿಲ್ಲಿಸಿ. ಈ ಕ್ರಮ ತಿರುವುಮುರುವಾದರೆ ಎಂದೂ ಮುಗಿಯುವುದಿಲ್ಲ. ಪ್ರತಿ ಅಕ್ಷರದ ಬಲಕ್ಕೂ ನೆರಳು ಬಿದ್ದಿದ್ದರೆ ಮಾತ್ರ ಅದು ಉದ್ದದ ಅಗ್ಗದ ಕೇಬಲ್‌ನ ಗುಣ, ಮೆನುವಿನಲ್ಲಿ ಮದ್ದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವ ಯಕ್ಷಗಾನದ ವಿಡಿಯೋ ಎಚ್‌ಡಿಎಂಐ ಮೂಲಕ ಪ್ರೊಜೆಕ್ಟರ್‌ಗೆ ಹಾಕಿದರೆ ಮಂಕಾಗುತ್ತದೆ. ರಂಗಸ್ಥಳದ ಹಿಂದಿನ ಕತ್ತಲು ಬೂದಿ ಬಣ್ಣ. ಬ್ರೈಟ್‌ನೆಸ್ ಇಳಿಸಿದರೆ ಮುಖಗಳೇ ಕತ್ತಲಾಗುತ್ತವೆ. ವಿಚಿತ್ರವೆಂದರೆ ರೆಸಲ್ಯೂಶನ್ ಬದಲಿಸಿದಾಗ ಒಮ್ಮೊಮ್ಮೆ ತಾನಾಗಿ ಸರಿಹೋಗುತ್ತದೆ.
– ಕುಂದಾಪುರ

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರವಿದೆ. ಟಿವಿ ಜಗತ್ತು ಕಪ್ಪನ್ನು 16, ಬಿಳಿಯನ್ನು 235 ಎಂದು ಬರೆಯುತ್ತದೆ. ಕಂಪ್ಯೂಟರ್‌ಗೆ ಕಪ್ಪು 0, ಬಿಳಿ 255. ಮೊದಲನೆಯದಕ್ಕೆ ಲಿಮಿಟೆಡ್ ರೇಂಜ್, ಎರಡನೆಯದಕ್ಕೆ ಫುಲ್ ರೇಂಜ್ ಎಂದು ಹೆಸರು. ಎಚ್‌ಡಿಎಂಐ ಕೇಬಲ್‌ನಲ್ಲಿ ಎರಡೂ ಹೋಗಬಹುದು. 1280×720, 1920×1080 ಇವು ಟಿವಿಯ ಅಳತೆಗಳು, ಹಾಗಾಗಿ ಬೇರೆ ಹೇಳದಿದ್ದರೆ ಲಿಮಿಟೆಡ್. 1024×768, 1280×800 ಕಂಪ್ಯೂಟರ್‌ನ ಅಳತೆಗಳು, ಅವಕ್ಕೆ ಫುಲ್. ನೀವು ರೆಸಲ್ಯೂಶನ್ ಬದಲಿಸಿದಾಗ ಲ್ಯಾಪ್‌ಟಾಪ್ ಸದ್ದಿಲ್ಲದೆ ರೇಂಜನ್ನೂ ಬದಲಿಸುತ್ತಿದೆ, ಪ್ರೊಜೆಕ್ಟರ್ ಮಾತ್ರ ತನ್ನ ಹಟ ಬಿಡುತ್ತಿಲ್ಲ. ಬರುತ್ತಿರುವುದು ಲಿಮಿಟೆಡ್, ಅದು ಓದುತ್ತಿರುವುದು ಫುಲ್ ಎಂದು. ಹೀಗಾಗಿ 16 ಅದಕ್ಕೆ ಕಪ್ಪಲ್ಲ, ಬೂದು.

ತದ್ವಿರುದ್ಧವೂ ಆಗುತ್ತದೆ. ಲ್ಯಾಪ್‌ಟಾಪ್ ಫುಲ್ ಕಳಿಸಿ ಪ್ರೊಜೆಕ್ಟರ್ ಲಿಮಿಟೆಡ್ ಎಂದು ಓದಿದರೆ ಕಪ್ಪು ಭಾಗವೆಲ್ಲ ಒಂದೇ ಮುದ್ದೆ, ಭಾಗವತರ ಬಿಳಿ ಪಂಚೆಯ ನೆರಿಗೆ ಅಳಿಸಿಹೋಗಿರುತ್ತದೆ. ಎಷ್ಟೋ ಜನ ಇದನ್ನು ‘ಒಳ್ಳೆಯ ಕಾಂಟ್ರಾಸ್ಟ್’ ಎಂದುಕೊಂಡು ಖುಷಿಪಡುತ್ತಾರೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಸ್ಲೈಡ್ ಮಾಡುವ ಯಾವುದಾದರೂ ತಂತ್ರಾಂಶದಲ್ಲಿ ಎರಡು ಸ್ಲೈಡ್ ಮಾಡಿ. ಮೊದಲನೆಯದರ ಹಿನ್ನೆಲೆ ಪೂರ್ಣ ಕಪ್ಪು; ಅದರ ಮೇಲೆ ಐದು ಚೌಕ, ಅವುಗಳ ಕೆಂಪು–ಹಸಿರು–ನೀಲಿ ಮೂರೂ ಬೆಲೆಗಳು ಕ್ರಮವಾಗಿ 5, 10, 15, 20, 25. ಎರಡನೆಯದರ ಹಿನ್ನೆಲೆ ಪೂರ್ಣ ಬಿಳಿ, ಚೌಕಗಳು 235, 240, 245, 250. ಕಪ್ಪು ಸ್ಲೈಡಿನಲ್ಲಿ ಮೊದಲ ಮೂರು ಚೌಕವೂ, ಬಿಳಿ ಸ್ಲೈಡಿನಲ್ಲಿ ಎಲ್ಲ ಚೌಕಗಳೂ ಒಟ್ಟಿಗೆ ಮಾಯವಾದರೆ ರೇಂಜ್ ತಾಳೆಯಿಲ್ಲ. ಬ್ರೈಟ್‌ನೆಸ್ ಒಂದರಿಂದ ಎರಡೂ ತುದಿ ಕೆಡುವುದಿಲ್ಲ. ಚೌಕಗಳೆಲ್ಲ ಕಂಡೂ ಕಪ್ಪು ಹಿನ್ನೆಲೆಯೇ ಬೆಳ್ಳಗಿದ್ದರೆ, ಸಿಗ್ನಲ್ ಇಲ್ಲದ ಇನ್ನೊಂದು ಸೋರ್ಸ್‌ಗೆ ಹೋಗಿ ಪ್ರೊಜೆಕ್ಟರ್‌ನದೇ ಕಪ್ಪು ಪರದೆಯ ಜತೆ ಹೋಲಿಸಿ. ಅದು ನಿಮ್ಮ ಸ್ಲೈಡಿಗಿಂತ ಸ್ಪಷ್ಟವಾಗಿ ಕಪ್ಪಾಗಿದ್ದರೆ ನಿಮ್ಮದು ಮೊದಲ ಬಗೆಯ ದೋಷ.

ತಿದ್ದುವುದು ಎರಡು ಕಡೆ. ಪ್ರೊಜೆಕ್ಟರ್ ಮೆನುವಿನಲ್ಲಿ ಸಿಗ್ನಲ್ ಅಥವಾ ಇಮೇಜ್ ವಿಭಾಗದೊಳಗೆ ಎಚ್‌ಡಿಎಂಐ ರೇಂಜ್, ವಿಡಿಯೋ ರೇಂಜ್ ಎಂಬ ಹೆಸರಿನಲ್ಲಿರುತ್ತದೆ. ಎಪ್ಸನ್‌ನಲ್ಲಿ ನಾರ್ಮಲ್ ಎಂದರೆ ಲಿಮಿಟೆಡ್, ಎಕ್ಸ್‌ಪ್ಯಾಂಡೆಡ್ ಎಂದರೆ ಫುಲ್. ಇನ್ನು ಕೆಲವದರಲ್ಲಿ ನೇರವಾಗಿ 0–255, 16–235 ಎಂದೇ ಬರೆದಿರುತ್ತಾರೆ. ಸಿಗ್ನಲ್ ಬರುತ್ತಿರುವಾಗ ಮಾತ್ರ ಈ ಸಾಲು ಒತ್ತಲು ಸಿಗುತ್ತದೆ. ಆ ಸಾಲು ಮಂಕಾಗಿ ಕಂಡರೆ ಕೇಬಲ್ ಹಾಕಿ ಮತ್ತೆ ನೋಡಿ. ಲ್ಯಾಪ್‌ಟಾಪ್ ಕಡೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಔಟ್‌ಪುಟ್ ಡೈನಮಿಕ್ ರೇಂಜ್’, ಇಂಟೆಲ್‌ನ ಗ್ರಾಫಿಕ್ಸ್ ಆ್ಯಪ್‌ನಲ್ಲಿ ‘ಕ್ವಾಂಟೈಸೇಶನ್ ರೇಂಜ್’ ಹುಡುಕಿ. ಲ್ಯಾಪ್‌ಟಾಪ್‌ಗೆ ಎರಡೂ ಕಡೆ ಫುಲ್, ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಟ್ರೀಮಿಂಗ್ ಸ್ಟಿಕ್‌ಗೆ ಎರಡೂ ಕಡೆ ಲಿಮಿಟೆಡ್ ಇಡುವುದು ನಮ್ಮ ಸಲಹೆ. ಆಟೋ ಸರಿಯಾಗಿ ಕೆಲಸ ಮಾಡಿದರೆ ಆಟೋ ಸಾಕು, ನಿಮ್ಮಲ್ಲಿ ಮಾಡುತ್ತಿಲ್ಲ ಅಷ್ಟೆ.

ಇಷ್ಟಾದ ಮೇಲೆ ಬ್ರೈಟ್‌ನೆಸ್ ಮುಟ್ಟಿ. ಅದಕ್ಕೂ ಮೊದಲು ಪ್ರೊಜೆಕ್ಟರ್ ಹಚ್ಚಿ ಇಪ್ಪತ್ತು ನಿಮಿಷ ಬಿಡಿ, ಕೋಣೆಯ ದೀಪ ವಿಡಿಯೋ ನೋಡುವಾಗ ಹೇಗಿರುತ್ತದೋ ಹಾಗೇ ಇರಲಿ. ಸಿನಿಮಾ ಮೋಡ್ ಆರಿಸಿ, ಆಟೋ ಐರಿಸ್ ಅಥವಾ ಡೈನಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ. ಅದು ಆನ್ ಇದ್ದರೆ ಕಪ್ಪು ಸ್ಲೈಡ್ ಬಂದಾಗ ಬೆಳಕನ್ನೇ ಕಡಿಮೆ ಮಾಡಿ ನಿಮ್ಮ ಅಳತೆ ಕೆಡಿಸುತ್ತದೆ. ಕಪ್ಪು ಸ್ಲೈಡಿನಲ್ಲಿ 5ರ ಚೌಕ ಕಂಡೂ ಕಾಣದಂತೆ ಬ್ರೈಟ್‌ನೆಸ್ ನಿಲ್ಲಿಸಿ. ಬಿಳಿ ಸ್ಲೈಡಿನಲ್ಲಿ 250ರ ಚೌಕ ಅಳಿಸಿಹೋಗುವ ಮುಂಚೆ ಕಾಂಟ್ರಾಸ್ಟ್ ನಿಲ್ಲಿಸಿ. ಒಂದು ಬದಲಾದರೆ ಇನ್ನೊಂದೂ ಸ್ವಲ್ಪ ಅಲುಗುತ್ತದೆ, ಆದ್ದರಿಂದ ಮತ್ತೊಮ್ಮೆ ಕಪ್ಪು ಸ್ಲೈಡಿಗೆ ಬನ್ನಿ. ಎಷ್ಟೇ ಮಾಡಿದರೂ 5 ಕಾಣದಿದ್ದರೆ ಕೋಣೆಯಲ್ಲಿ ಬೆಳಕು ಹೆಚ್ಚಾಗಿದೆ. ಪ್ರೊಜೆಕ್ಟರ್‌ಗೆ ಕಪ್ಪನ್ನು ಪರದೆಯ ಮೇಲೆ ಚೆಲ್ಲಲು ಬರುವುದಿಲ್ಲ. ಪರದೆಯ ಮೇಲಿನ ಕಪ್ಪೆಂದರೆ ಬೆಳಕು ಬೀಳದ ಬಿಳಿ ಬಟ್ಟೆ. ಕಿಟಕಿಗೆ ದಪ್ಪ ಪರದೆ ಹಾಕುವುದು ಅಲ್ಲಿ ಯಾವ ಸೆಟ್ಟಿಂಗ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಈ ಸೆಟ್ಟಿಂಗ್‌ಗಳನ್ನು ಬಹುತೇಕ ಪ್ರೊಜೆಕ್ಟರ್‌ಗಳು ಸೋರ್ಸ್‌ಗೊಂದು, ಕಲರ್ ಮೋಡ್‌ಗೊಂದು ಎಂದು ಬೇರೆಬೇರೆಯಾಗಿ ನೆನಪಿಡುತ್ತವೆ. ಎಚ್‌ಡಿಎಂಐ 1ರಲ್ಲಿ ಮಾಡಿದ್ದು ಎಚ್‌ಡಿಎಂಐ 2ರಲ್ಲಿ ಇರುವುದಿಲ್ಲ. ‘ನಿನ್ನೆ ಸರಿ ಮಾಡಿದ್ದು ಇವತ್ತು ಹೋಗಿದೆ’ ಎಂಬ ದೂರುಗಳಲ್ಲಿ ಹಲವು ಇಷ್ಟೇ.

ಪ್ರಶ್ನೆ: ಮೊಬೈಲ್‌ನಿಂದ ಅಡಾಪ್ಟರ್ ಹಾಕಿ ಪ್ರೊಜೆಕ್ಟರ್‌ಗೆ ಜೋಡಿಸಿದ್ದೇವೆ. ಗ್ಯಾಲರಿಯ ವಿಡಿಯೋ ಬರುತ್ತದೆ, ಒಟಿಟಿ ಆ್ಯಪ್ ತೆರೆದರೆ ಧ್ವನಿ ಮಾತ್ರ, ಪರದೆ ಕಪ್ಪು. ನಡುವೆ ಟಿವಿಗೂ ಹೋಗಲೆಂದು ಸ್ಪ್ಲಿಟರ್ ಇದೆ.
– ದಾವಣಗೆರೆ

ಉತ್ತರ: ಇದು ಕೇಬಲ್ ದೋಷವಲ್ಲ, ಕಾಪಿ ತಡೆಯುವ ಬೀಗ. ಎಚ್‌ಡಿಸಿಪಿ ಎಂಬ ಈ ವ್ಯವಸ್ಥೆಯಲ್ಲಿ ಕಳಿಸುವ ಸಾಧನದಿಂದ ತೋರಿಸುವ ಸಾಧನದವರೆಗೆ ನಡುವಿನ ಪ್ರತಿಯೊಂದೂ ತನ್ನ ಗುರುತು ಹೇಳಬೇಕು. ಒಂದು ತಪ್ಪಿದರೂ ಆ್ಯಪ್ ಚಿತ್ರ ನಿಲ್ಲಿಸುತ್ತದೆ. ಮೊದಲು ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ. ಸರಿಹೋದರೆ ಸ್ಪ್ಲಿಟರ್‌ನದೇ ತಪ್ಪು. ಹೋಗದಿದ್ದರೆ ಅಡಾಪ್ಟರ್ ಅನುಮಾನಾಸ್ಪದ: ಫೋನಿನ ಪರದೆಯನ್ನು ವಿಡಿಯೋ ಆಗಿ ಹಿಂಡಿ ಕಳಿಸುವ ಅಗ್ಗದ ಅಡಾಪ್ಟರ್‌ಗಳಿಗೆ ಈ ಬೀಗ ತೆರೆಯಲು ಬರುವುದಿಲ್ಲ. ಟೈಪ್–ಸಿ ಕಿಂಡಿಯಿಂದಲೇ ನೇರ ಚಿತ್ರ ಹೊರಬರಬೇಕಾದರೆ ಫೋನಿನಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದಿಲ್ಲ.

ಹೆಚ್ಚು ಗೋಜಿಲ್ಲದ ದಾರಿ ಪ್ರೊಜೆಕ್ಟರ್‌ಗೇ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸುವುದು. ಅದಕ್ಕೆ ಕರೆಂಟನ್ನು ಪ್ರೊಜೆಕ್ಟರ್‌ನ ಯುಎಸ್‌ಬಿಯಿಂದ ಕೊಡಬೇಡಿ, ಸ್ಟಿಕ್ ಜತೆ ಬಂದ ಅಡಾಪ್ಟರನ್ನೇ ಬಳಸಿ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪ್ ಅಷ್ಟೇ. ಸ್ಟಿಕ್ ನಡುನಡುವೆ ತಾನಾಗಿ ರೀಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. 4ಕೆ ಸ್ಟಿಕ್ ಆಗಿದ್ದು ಪ್ರೊಜೆಕ್ಟರ್ ಹಳೆಯದಾಗಿದ್ದರೆ ಔಟ್‌ಪುಟ್ಟನ್ನು 1080ಪಿಗೆ ಇಳಿಸಿ. ಒಟಿಟಿಯ 4ಕೆ ಚಿತ್ರಕ್ಕೆ ಅದೇ ಬೀಗದ ಹೊಸ ಆವೃತ್ತಿ ಎಚ್‌ಡಿಸಿಪಿ 2.2 ಬೇಕು.

ಪ್ರಶ್ನೆ: ಸಮುದಾಯ ಭವನದ ಎಪ್ಸನ್ ಪ್ರೊಜೆಕ್ಟರ್‌ನಲ್ಲಿ ಚಿತ್ರ ಇದ್ದಕ್ಕಿದ್ದಂತೆ ತಲೆಕೆಳಗಾಗಿದೆ. ಯಾರೂ ಮೆನು ಮುಟ್ಟಿಲ್ಲ.
– ಶಿರಸಿ

ಉತ್ತರ: ಮೆನು ಮುಟ್ಟಬೇಕಾಗಿಲ್ಲ. ರಿಮೋಟ್‌ನ ಎ/ವಿ ಮ್ಯೂಟ್ ಬಟನ್ನನ್ನು ಸುಮಾರು ಐದು ಸೆಕೆಂಡು ಒತ್ತಿಹಿಡಿದರೆ ಚಿತ್ರ ತಿರುಗುತ್ತದೆ. ಸೀಲಿಂಗ್‌ಗೆ ಹಾಕುವವರಿಗಾಗಿ ಇಟ್ಟಿರುವ ಅಡ್ಡದಾರಿ ಅದು. ಮತ್ತೊಮ್ಮೆ ಅಷ್ಟೇ ಹೊತ್ತು ಒತ್ತಿಹಿಡಿಯಿರಿ.

ಪ್ರಶ್ನೆ: ಡಿಎಲ್‌ಪಿ ಪ್ರೊಜೆಕ್ಟರ್‌ನಲ್ಲಿ ಬಿಳಿ ಹೊಳೆಯುತ್ತದೆ, ಕೆಂಪು ಮಾತ್ರ ಇಟ್ಟಿಗೆಯ ಬಣ್ಣ. ಕಲರ್ ಏರಿಸಿದರೆ ಮುಖವೆಲ್ಲ ಕೆಂಪಾಗುತ್ತದೆ.
– ಉಡುಪಿ

ಉತ್ತರ: ಕಲರ್ ಏರಿಸಬೇಡಿ. ಒಂದೇ ಚಿಪ್‌ನ ಇಂಥ ಪ್ರೊಜೆಕ್ಟರ್‌ಗಳಲ್ಲಿ ತಿರುಗುವ ಬಣ್ಣದ ಚಕ್ರದಲ್ಲಿ ಕೆಂಪು, ಹಸಿರು, ನೀಲಿಯ ಜತೆ ಒಂದು ಬಣ್ಣವಿಲ್ಲದ ಗಾಜಿನ ಹೋಳೂ ಇರುವುದುಂಟು. ಪೆಟ್ಟಿಗೆಯ ಮೇಲಿನ ಲುಮೆನ್ (ಬೆಳಕಿನ ಅಳತೆ) ಹೆಚ್ಚಿಸಲು ಅದು ಉಪಯೋಗ. ಬಿಳಿಗೆ ಮಾತ್ರ ಆ ಹೆಚ್ಚುವರಿ ಬೆಳಕು ಸಿಕ್ಕುವುದರಿಂದ ಪಕ್ಕದ ಕೆಂಪು ಸೊರಗಿ ಕಾಣುತ್ತದೆ. ಬ್ರಿಲಿಯಂಟ್ ಕಲರ್ ಅಥವಾ ವೈಟ್ ಪೀಕಿಂಗ್ ಎಂಬ ಸಾಲನ್ನು ಕನಿಷ್ಠಕ್ಕೆ ತನ್ನಿ, ಡೈನಮಿಕ್ ಅಥವಾ ಬ್ರೈಟ್ ಮೋಡ್ ಬಿಟ್ಟು ಸಿನಿಮಾಕ್ಕೆ ಬನ್ನಿ, ಕಲರ್ ಟೆಂಪರೇಚರ್ 6500 ಕೆಲ್ವಿನ್ ಇಡಿ. ಒಟ್ಟು ಬೆಳಕು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ, ಹಾಗಾಗಿ ಇದು ಕತ್ತಲ ಕೋಣೆಗೆ ಮಾತ್ರ. ಕಿಟಕಿ ತೆರೆದಿದ್ದರೆ ಇಟ್ಟಿಗೆ ಬಣ್ಣವನ್ನೇ ಒಪ್ಪಿಕೊಳ್ಳಬೇಕು.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸ್‌ನಿಂದ ಕ್ರಿಕೆಟ್ ನೋಡುವಾಗ ಚೆಂಡು ಮತ್ತು ಕೆಳಗೆ ಓಡುವ ಅಕ್ಷರ ಜರ್ಕ್ ಹೊಡೆಯುತ್ತವೆ.
– ಬಳ್ಳಾರಿ

ಉತ್ತರ: ನಮ್ಮಲ್ಲಿ ಎಚ್‌ಡಿ ಚಾನೆಲ್‌ಗಳು ಬರುವುದು ಸೆಕೆಂಡಿಗೆ 50ರ ಲೆಕ್ಕದಲ್ಲಿ. ಬಾಕ್ಸ್ 60 ಹರ್ಟ್ಸ್ ಕಳಿಸುತ್ತಿದ್ದರೆ ಪ್ರತಿ ಐದಕ್ಕೆ ಒಂದು ಹೆಚ್ಚುವರಿ ಚಿತ್ರ ತುರುಕಬೇಕಾಗುತ್ತದೆ, ಆ ಜರ್ಕ್ ಅದೇ. ಬಾಕ್ಸ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ 1080ಐ 50 ಅಥವಾ 1080ಪಿ 50 ಆರಿಸಿ. ಪ್ರೊಜೆಕ್ಟರ್‌ನ ಇನ್ಫೋ ಪುಟದಲ್ಲಿ ಈಗ ಯಾವ ಸಿಗ್ನಲ್ ಬರುತ್ತಿದೆ ಎಂಬುದು ಅಂಕಿ ಸಮೇತ ಇರುತ್ತದೆ, ಅಲ್ಲಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಚಿಕ್ಕ ಪ್ರೊಜೆಕ್ಟರ್ ಮೇಲೆ ‘4ಕೆ ಸಪೋರ್ಟ್’ ಎಂದಿದೆ. ಆದರೂ ಸಬ್‌ಟೈಟಲ್ ಓದಲಾಗುವುದಿಲ್ಲ. ಟೀಪಾಯಿ ಮೇಲಿಟ್ಟು ಓರೆ ಮಾಡಿ ಕೀಸ್ಟೋನ್ ಹಾಕಿದ್ದೇವೆ.
– ಮೈಸೂರು

ಉತ್ತರ: ‘ಸಪೋರ್ಟ್’ ಎಂದರೆ 4ಕೆ ಸಿಗ್ನಲ್ ಕೊಟ್ಟರೆ ಬೇಡವೆನ್ನುವುದಿಲ್ಲ ಎಂದಷ್ಟೇ. ಒಳಗಿನ ಪ್ಯಾನೆಲ್ 1280×720 ಅಥವಾ ಅದಕ್ಕೂ ಚಿಕ್ಕದಿರಬಹುದು. ನೇಟಿವ್ ಎಂಬ ಪದದ ಪಕ್ಕದ ಅಂಕಿಯನ್ನು ಮಾತ್ರ ನಂಬಿ. ಅದರ ಮೇಲೆ ಓರೆ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಬೇರೆ: ಅದು ಲೆನ್ಸನ್ನು ತಿರುಗಿಸುವುದಿಲ್ಲ, ಇರುವ ಪಿಕ್ಸೆಲ್‌ಗಳಲ್ಲಿ ಕೆಲವನ್ನು ನಂದಿಸಿ ಚಿತ್ರವನ್ನು ಕುಗ್ಗಿಸಿ ಚೌಕ ಮಾಡುತ್ತದೆ. ಅಕ್ಷರದ ಅಂಚು ಅಲ್ಲೇ ಹೋಗುವುದು. ಕೀಸ್ಟೋನನ್ನು ಸೊನ್ನೆಗೆ ತಂದು, ಆಟೋ ಕೀಸ್ಟೋನ್ ಆಫ್ ಮಾಡಿ, ಪ್ರೊಜೆಕ್ಟರನ್ನು ಓರೆ ಮಾಡದೆ ಪರದೆಗೆ ನೇರವಾಗಿ ಇಡಿ. ಎತ್ತರ ಸಾಲದಿದ್ದರೆ ಮುಂದಿನ ಕಾಲು ಎತ್ತುವ ಬದಲು ಇಡೀ ಪ್ರೊಜೆಕ್ಟರನ್ನು ಸ್ಟೂಲ್ ಮೇಲಿಡಿ. ಫೋಕಸ್ ಮಾಡುವಾಗ ಪರದೆಯ ನಟ್ಟನಡುವೆ ನೋಡಬೇಡಿ; ನಡುವಿಗೂ ಮೂಲೆಗೂ ಮಧ್ಯದ ಜಾಗದ ಅಕ್ಷರ ನೋಡಿ ತಿರುಗಿಸಿ. ಅಗ್ಗದ ಲೆನ್ಸ್‌ಗಳಲ್ಲಿ ನಡು ಚೂಪಾದಾಗ ಕೆಳಗಿನ ಅಂಚು, ಅಂದರೆ ನಿಮ್ಮ ಸಬ್‌ಟೈಟಲ್ ಬರುವ ಜಾಗ, ಮಸುಕಾಗಿರುತ್ತದೆ.