ಸಹಿ ಲಂಡನ್ನಿನದು, ಆಸ್ಪತ್ರೆ ವೇಲ್ಸ್‌ನದು

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವಳು, ವೇಲ್ಸ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಆರೋಗ್ಯ ಸೇವೆ ನಡೆಸುವುದು ವೇಲ್ಸ್ ಸರ್ಕಾರ. ಆದರೆ ಭಾರತವೂ ಸೇರಿ ಬೇರೆ ದೇಶಗಳೊಡನೆ ವಾಣಿಜ್ಯ ಒಪ್ಪಂದ ಮಾಡಿಕೊಳ್ಳುವುದು ಲಂಡನ್. ಆ ಒಪ್ಪಂದಗಳು ನಮ್ಮ ಆಸ್ಪತ್ರೆಯನ್ನು ತಟ್ಟುತ್ತವೆಯೇ? ಕರ್ನಾಟಕದ ಸ್ಥಿತಿಯೂ ಹೀಗೆಯೇ?

ಉತ್ತರ: ಒಪ್ಪಂದದಿಂದ ಆಸ್ಪತ್ರೆಗಳು ಮಾರಾಟವಾಗುತ್ತವೆಯೇ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಅದು ಸುಳ್ಳೂ ಅಲ್ಲ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ವಿಷಯದಲ್ಲೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ರಕ್ಷಣೆಯಿದೆ ಎಂದು ಬ್ರಿಟನ್ ಸರ್ಕಾರ ಹೇಳಿದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಒಮ್ಮೆ ಖಾಸಗಿಯವರಿಗೆ ಒಪ್ಪಿಸಿದ ಕೆಲಸವನ್ನು ಮುಂದೊಂದು ದಿನ ಸರ್ಕಾರ ಮರಳಿ ತನ್ನ ಕೈಗೆ ತೆಗೆದುಕೊಳ್ಳಲು ಹೊರಟರೆ ಒಪ್ಪಂದ ಅಡ್ಡ ಬರುತ್ತದೆಯೇ?

1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ಒಪ್ಪಂದವು ಸರ್ಕಾರಿ ಅಧಿಕಾರದಡಿ ಒದಗಿಸುವ ಸೇವೆಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಆ ಸೇವೆ ವಾಣಿಜ್ಯ ಉದ್ದೇಶದ್ದೂ ಆಗಿರಬಾರದು, ಇತರರೊಡನೆ ಪೈಪೋಟಿಯಲ್ಲೂ ಇರಬಾರದು. ವಾರ್ಡಿನಲ್ಲಿ ರೋಗಿಯನ್ನು ನೋಡುವ ಡಾಕ್ಟರು, ನರ್ಸು ಸರ್ಕಾರದವರಾಗಿದ್ದು, ಊಟದ ತಟ್ಟೆ ತರುವವರು, ಹಾಸಿಗೆಯ ಬಟ್ಟೆ ಒಗೆಯುವವರು, ಸ್ಕ್ಯಾನ್ ಮಾಡುವವರು ಟೆಂಡರ್ ಹಿಡಿದ ಕಂಪನಿಯವರಾಗಿದ್ದರೆ ವಿನಾಯಿತಿ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದು ವಾದಕ್ಕೆ ಬೀಳುತ್ತದೆ. ಇಂಗ್ಲೆಂಡ್ 2012ರ ಕಾಯ್ದೆಯ ಮೂಲಕ ಪೈಪೋಟಿಗೆ ಬಾಗಿಲು ಅಗಲವಾಗಿ ತೆರೆದರೆ, ವೇಲ್ಸ್ 2009ರಲ್ಲೇ ತನ್ನ ಎನ್‌ಎಚ್‌ಎಸ್ ಒಳಗಿನ ಕೊಡು–ಕೊಳ್ಳುವ ಮಾರುಕಟ್ಟೆಯನ್ನು ಕೈಬಿಟ್ಟಿತ್ತು. ಹೀಗೆ ಎರಡು ದಾರಿ ಹಿಡಿದ ಎರಡು ವ್ಯವಸ್ಥೆಗಳ ಪರವಾಗಿ ಹೊರದೇಶಗಳಿಗೆ ಮಾತು ಕೊಡುವುದು ಒಂದೇ ಸರ್ಕಾರ. ಅದು ಇಂಗ್ಲೆಂಡಿನ ಆರೋಗ್ಯ ಸೇವೆಯನ್ನು ನೇರವಾಗಿ ನಡೆಸುವ ಸರ್ಕಾರವೂ ಹೌದು ಎಂಬುದು ನನಗೆ ಚಿಂತೆಯ ವಿಷಯ.

ಕಾನೂನಿನ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ವಾಣಿಜ್ಯವು ಲಂಡನ್ ತನ್ನಲ್ಲೇ ಇಟ್ಟುಕೊಂಡಿರುವ ವಿಷಯವಾದರೂ, ಒಪ್ಪಂದವನ್ನು ತಮ್ಮ ಅಧಿಕಾರದ ವಿಷಯಗಳಲ್ಲಿ ಪಾಲಿಸುವ ಹೊಣೆ ವೇಲ್ಸ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆಂಡ್ ಸರ್ಕಾರಗಳ ಮೇಲಿದೆ. ಪಾಲಿಸದಿದ್ದರೆ ತಡೆಯುವ ಅಥವಾ ಪಾಲಿಸುವಂತೆ ಆದೇಶಿಸುವ ಅಧಿಕಾರ ಲಂಡನ್ನಿನ ಸಚಿವರಿಗಿದೆ. 2010ರ ಕಾಯ್ದೆಯ ಪ್ರಕಾರ ಒಪ್ಪಂದವನ್ನು 21 ಕಲಾಪ ದಿನಗಳ ಕಾಲ ಬ್ರಿಟನ್ ಸಂಸತ್ತಿನ ಮುಂದಿಡಬೇಕು. ವೇಲ್ಸ್‌ನ ಸಂಸತ್ತಾದ ಸೆನೆಡ್‌ಗೆ ಅಭಿಪ್ರಾಯ ಹೇಳುವ ಅವಕಾಶವಿದೆಯೇ ಹೊರತು ತಡೆಯುವ ಮತವಿಲ್ಲ. ಬೆಲ್ಜಿಯಂ ಪದ್ಧತಿ ಹೀಗಿಲ್ಲ. ಅಲ್ಲಿ 2016ರ ಅಕ್ಟೋಬರ್‌ನಲ್ಲಿ ವಲೋನಿಯಾ ಎಂಬ ಒಂದು ಪ್ರಾಂತ್ಯ ಒಪ್ಪದೆ ಕುಳಿತದ್ದರಿಂದ ಯುರೋಪ್–ಕೆನಡಾ ಒಪ್ಪಂದದ ಸಹಿಯೇ ಕೆಲವು ದಿನ ಮುಂದಕ್ಕೆ ಹೋಯಿತು, ಆ ಪ್ರಾಂತ್ಯದ ಆತಂಕಗಳಿಗೆ ಲಿಖಿತ ಸ್ಪಷ್ಟೀಕರಣ ಸಿಕ್ಕಿತು.

ವ್ಯಾಪಾರದ ನಿಯಮ ಆರೋಗ್ಯದ ಕಾನೂನನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದಕ್ಕೆ ಸ್ಕಾಟ್‌ಲೆಂಡಿನ ಮದ್ಯದ ಕನಿಷ್ಠ ಬೆಲೆಯ ಪ್ರಕರಣವನ್ನು ನೋಡಬೇಕು. ಮದ್ಯದಿಂದಾಗುವ ಸಾವುಗಳನ್ನು ತಗ್ಗಿಸಲು ಅಲ್ಲಿನ ಸಂಸತ್ತು 2012ರಲ್ಲಿ ಕಾಯ್ದೆ ಮಾಡಿತು. ಆಲ್ಕೋಹಾಲಿನ ಪ್ರತಿ ಯೂನಿಟ್‌ಗೆ ಕನಿಷ್ಠ 50 ಪೆನ್ಸ್ ಎಂದು ದರ ನಿಗದಿಯಾಯಿತು. ಅಂದರೆ ಶೇ 40ರ ಆಲ್ಕೋಹಾಲ್ ಇರುವ 700 ಮಿಲಿಲೀಟರ್ ವೋಡ್ಕಾ ಬಾಟಲಿಯಲ್ಲಿ 28 ಯೂನಿಟ್ ಇರುವುದರಿಂದ, 2024ರಲ್ಲಿ ಬದಲಾಗುವವರೆಗೆ ಇದ್ದ ಆ ದರದ ಪ್ರಕಾರ ಅದನ್ನು 14 ಪೌಂಡ್‌ಗಿಂತ ಕಡಿಮೆಗೆ ಮಾರುವಂತಿರಲಿಲ್ಲ. ಇದು ಆಗ ಬ್ರಿಟನ್ ಸದಸ್ಯನಾಗಿದ್ದ ಯುರೋಪಿಯನ್ ಒಕ್ಕೂಟದ ಮುಕ್ತ ಸರಕು ಸಾಗಣೆಯ ನಿಯಮಕ್ಕೆ ವಿರುದ್ಧವೆಂದು ವಿಸ್ಕಿ ಉತ್ಪಾದಕರ ಸಂಘ ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯ ಯುರೋಪಿನ ನ್ಯಾಯಾಲಯವನ್ನೂ ಸುತ್ತಿ ಬಂದು, 2017ರ ನವೆಂಬರ್‌ನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟಿನಲ್ಲಿ ಸ್ಕಾಟ್‌ಲೆಂಡ್ ಗೆದ್ದಿತು. ಆದರೆ ಕಾನೂನು ಜಾರಿಗೆ ಬಂದದ್ದು 2018ರ ಮೇ 1ರಂದು. ಗೆದ್ದವರಿಗೂ ಆರು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಅಗ್ಗದ ಬಾಟಲಿ ಅಂಗಡಿಯ ಕಪಾಟಿನಲ್ಲೇ ಇತ್ತು. ಅಧಿಕಾರವಿದ್ದೂ ಅದನ್ನು ಬಳಸಲಾಗದೆ ಕಾಯುವ ಇಂಥ ವರ್ಷಗಳನ್ನು ಯಾವ ಒಪ್ಪಂದದ ಲಾಭ–ನಷ್ಟದ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಹೂಡಿಕೆದಾರರು ಸರ್ಕಾರವನ್ನು ನೇರವಾಗಿ ಮಧ್ಯಸ್ಥಿಕೆ ಮಂಡಳಿಗೆ ಎಳೆಯಬಹುದಾದ ಒಪ್ಪಂದಗಳಲ್ಲಿ ಆತಂಕ ಇನ್ನೂ ಹೆಚ್ಚು. ಖಾಸಗಿ ಆರೋಗ್ಯ ವಿಮಾ ಕಂಪನಿಗಳು ಲಾಭ ಹಂಚಿಕೊಳ್ಳುವುದನ್ನು ಸ್ಲೊವಾಕಿಯಾ ನಿರ್ಬಂಧಿಸಿದ್ದಕ್ಕೆ, ಡಚ್ ವಿಮಾ ಸಂಸ್ಥೆಯೊಂದಕ್ಕೆ 2.21 ಕೋಟಿ ಯೂರೊ ಪರಿಹಾರ ಕೊಡಬೇಕೆಂದು 2012ರಲ್ಲಿ ಮಂಡಳಿ ತೀರ್ಪಿತ್ತಿತು. ಅದು ರದ್ದಾಗಲು 2018 ಬರಬೇಕಾಯಿತು. ಕೆನಡಾದಲ್ಲಿ ಕಾಗದ ಕಂಪನಿಯೊಂದರ ಆಸ್ತಿಯನ್ನು ವಶಪಡಿಸಿಕೊಂಡದ್ದು ನ್ಯೂಫೌಂಡ್‌ಲೆಂಡ್ ಪ್ರಾಂತ್ಯ. 2010ರಲ್ಲಿ 13 ಕೋಟಿ ಕೆನಡಾ ಡಾಲರ್ ಕೊಟ್ಟು ರಾಜಿಯಾದದ್ದು ಕೇಂದ್ರ ಸರ್ಕಾರ. ಮುಂದೆ ಇಂಥ ಹಣವನ್ನು ಪ್ರಾಂತ್ಯಗಳಿಂದಲೇ ವಸೂಲಿ ಮಾಡುವ ಮಾತೂ ಆಗಲೇ ಬಂತು. ಭಾರತ–ಬ್ರಿಟನ್ ವಾಣಿಜ್ಯ ಒಪ್ಪಂದದಲ್ಲಿ ಇಂಥ ಮಂಡಳಿಯ ಏರ್ಪಾಡಿಲ್ಲ. ಆದರೂ ನಿಮ್ಮ ಸೆನೆಡ್ ಸದಸ್ಯರನ್ನು ಭೇಟಿಯಾದಾಗ ಎನ್‌ಎಚ್‌ಎಸ್ ಹೆಸರು ಒಪ್ಪಂದದಲ್ಲಿದೆಯೇ ಎಂದಷ್ಟೇ ವಿಚಾರಿಸಬೇಡಿ. ಬ್ರಿಟನ್ ತನಗಾಗಿ ಕಾಯ್ದಿರಿಸಿಕೊಂಡ ವಿನಾಯಿತಿಗಳ ಪಟ್ಟಿಯಲ್ಲಿ ಮುಂದೆ ಮಾಡಲಿರುವ ಕಾನೂನುಗಳಿಗೂ ರಕ್ಷಣೆಯಿದೆಯೇ, ವೇಲ್ಸ್‌ನ ಕಾನೂನುಗಳಿಗೂ ಇದೆಯೇ ಎಂದು ಕೇಳಿ.

ಇನ್ನು ಕರ್ನಾಟಕ. ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯ 6ನೇ ನಮೂದು, ವಿದೇಶಿ ಒಪ್ಪಂದ ಕೇಂದ್ರ ಪಟ್ಟಿಯ 14ನೇ ನಮೂದು. ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯ ಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ. ಬ್ರಿಟನ್ನಿನೊಂದಿಗಿನ ಒಪ್ಪಂದದಲ್ಲಿ ಭಾರತ ತೆರೆದಿಟ್ಟಿರುವುದು ಕೇಂದ್ರದ ಖರೀದಿಯನ್ನಷ್ಟೇ ಆದ್ದರಿಂದ, ಜಿಲ್ಲಾಸ್ಪತ್ರೆಗಳಿಗೆ ಔಷಧ ಕೊಳ್ಳುವ ರಾಜ್ಯದ ನಿಗಮದ ಟೆಂಡರ್‌ಗಳು ಸದ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಟೆಂಡರ್‌ನಲ್ಲಿ ಬರುವ ಬೆಲೆ ಪೇಟೆಂಟ್ ನಿಯಮವನ್ನೂ ಅವಲಂಬಿಸಿರುತ್ತದೆ. 2012ರಲ್ಲಿ ಭಾರತ ಕಡ್ಡಾಯ ಪರವಾನಗಿ (ಪೇಟೆಂಟ್ ಹೊಂದಿದ ಕಂಪನಿಯ ಒಪ್ಪಿಗೆಯಿಲ್ಲದೆಯೂ ಔಷಧ ತಯಾರಿಸಲು ಬೇರೆಯವರಿಗೆ ಸರ್ಕಾರ ನೀಡುವ ಅನುಮತಿ) ಕೊಟ್ಟಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಒಂದು ಕ್ಯಾನ್ಸರ್ ಔಷಧದ ಬೆಲೆ 8,880 ರೂಪಾಯಿಗೆ ಇಳಿದಿತ್ತು. ಹೊಸ ಒಪ್ಪಂದದ ಬೌದ್ಧಿಕ ಆಸ್ತಿಯ ಅಧ್ಯಾಯವು ಕಡ್ಡಾಯ ಪರವಾನಗಿಯ ಹಕ್ಕನ್ನು ಕಿತ್ತುಕೊಂಡಿಲ್ಲವಾದರೂ, ಕಂಪನಿಗಳು ತಾವಾಗಿ ಕೊಡುವ ಪರವಾನಗಿಯೇ ಉತ್ತಮ ದಾರಿ ಎಂಬ ಮಾತನ್ನು ಸೇರಿಸಿದೆ. ಆ ಅಧ್ಯಾಯದ ಮಾತುಕತೆಯ ಮೇಜಿನಲ್ಲಿ, ಔಷಧದ ಬಿಲ್ ಕಟ್ಟುವ ಯಾವ ರಾಜ್ಯಕ್ಕೂ ಕುರ್ಚಿ ಇರಲಿಲ್ಲ.