ಮಂಡಿ ಶಸ್ತ್ರಚಿಕಿತ್ಸೆಗೆ ಮೊದಲು ನಿದ್ರಾ ಪರೀಕ್ಷೆ ಏಕೆ?

ನಿಮ್ಮ ತಾಯಿಯವರಿಗೆ ಜೋರು ಗೊರಕೆ, ಹಗಲಿನ ತೂಕಡಿಕೆ, ರಕ್ತದೊತ್ತಡ ಮೂರೂ ಇವೆಯೆಂದು ಬರೆದಿದ್ದೀರಿ; ಹಾಗಿದ್ದರೆ ಅರಿವಳಿಕೆ ತಜ್ಞರು ಮಂಡಿ ಕೀಲು ಬದಲಾವಣೆಯನ್ನು ಮುಂದೂಡಿ ನಿದ್ರಾ ಪರೀಕ್ಷೆ ಕೇಳಿರುವುದಕ್ಕೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ತೊಂದರೆಯ ಸಂದೇಹವೇ ಕಾರಣವಿರಬೇಕು, ಆದರೆ ಪರೀಕ್ಷೆಯಾಗದೆ ಖಚಿತವಾಗಿ ಹೇಳಲಾಗದು. ನಮ್ಮ ತಂದೆಯವರಿಗೂ ಹೀಗೇ ಮುಂದೂಡಿದ್ದರು. ಮಂಪರು ಬರಿಸುವ ಔಷಧಗಳೂ ಮಾರ್ಫಿನ್ ಜಾತಿಯ ನೋವು ನಿವಾರಕಗಳೂ ಗಂಟಲಿನ ಸ್ನಾಯುಗಳನ್ನು ಸಡಿಲಿಸಿ ಉಸಿರಾಟವನ್ನು ಕುಗ್ಗಿಸುವುದರಿಂದ, ಶಸ್ತ್ರಚಿಕಿತ್ಸೆಯ ನಂತರದ ರಾತ್ರಿಗಳಲ್ಲೂ ಅಪಾಯವಿರುತ್ತದೆ; ಆದ್ದರಿಂದ ಈ ತಡವನ್ನು ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಅವರು ಮಲಗಿರುವಾಗ ಫೋನಿನಲ್ಲಿ ವಿಡಿಯೊ ಮಾಡಿ. ಗೊರಕೆ ಥಟ್ಟನೆ ನಿಂತು, ಎದೆ ಏರಿಳಿಯುತ್ತಿದ್ದರೂ ಗಾಳಿಯಾಡದೆ, ಕೊನೆಗೆ ಬೆಚ್ಚಿದಂತೆ ಉಸಿರೆಳೆದುಕೊಳ್ಳುವುದು ಕಂಡರೆ ಅದನ್ನು ಶ್ವಾಸಕೋಶ ತಜ್ಞರಿಗೆ ತೋರಿಸಿ. ಮಂಡ್ಯದಿಂದ ಮೈಸೂರಿಗೆ ಹೊರಡುವ ಮೊದಲೇ, ಮನೆಯಲ್ಲಿ ಮಾಡುವ ಪರೀಕ್ಷೆ ಸಾಕೇ, ಆಸ್ಪತ್ರೆಯಲ್ಲಿ ರಾತ್ರಿ ತಂಗಬೇಕೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ.

ವರದಿಯಲ್ಲಿ ಉಸಿರು ನಿಂತ ಅಥವಾ ಕುಗ್ಗಿದ ಸಂದರ್ಭಗಳು ಗಂಟೆಗೆ 15ರಿಂದ 30 ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ. ಆಗ ಸಿಪ್ಯಾಪ್, ಅಂದರೆ ಮಲಗಿರುವಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚಿಕೊಳ್ಳದಂತೆ ತಡೆಯುವ ಯಂತ್ರವನ್ನು ಸೂಚಿಸಬಹುದು. ಎಷ್ಟು ದಿನ ಬಳಸಿದ ಮೇಲೆ ಶಸ್ತ್ರಚಿಕಿತ್ಸೆ ಎಂಬುದು ವೈದ್ಯರ ತೀರ್ಮಾನ. ಮಾಸ್ಕ್ ಮಾತ್ರ ಮುಖಕ್ಕೆ ಸರಿಯಾಗಿ ಕೂರಬೇಕು. ಗಾಳಿ ಸೋರಿದರೆ ಕಣ್ಣು ಉರಿಯುತ್ತದೆ, ಹಿರಿಯರು ಕಿತ್ತಿಟ್ಟುಬಿಡುತ್ತಾರೆ.

ದಾಖಲಾಗುವಾಗ ಅದೇ ಯಂತ್ರ, ಅದೇ ಮಾಸ್ಕ್ ಒಯ್ಯಿರಿ. ನಿದ್ರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ, ಬೆನ್ನಿಗೆ ಕೊಡುವ ಅರಿವಳಿಕೆ ಸಾಧ್ಯವೇ ಎಂದೂ, ರಾತ್ರಿಯಿಡೀ ಆಮ್ಲಜನಕದ ಮಟ್ಟವನ್ನು ಗಮನಿಸುವ ವ್ಯವಸ್ಥೆ ಇದೆಯೇ ಎಂದೂ ಕೇಳಿ.