ಕಾಲು ಸೋಲುವುದಕ್ಕೆಲ್ಲ ಡಿಸ್ಕ್ ಕಾರಣವಲ್ಲ

ಪ್ರಶ್ನೆ: ತಂದೆಗೆ 63 ವರ್ಷ. ಸ್ವಲ್ಪ ನಡೆದರೆ ಕಾಲು ಸೋಲುತ್ತಿತ್ತು, ಡಿಸ್ಕ್ ಎಂದರು. ಮೂತ್ರ ಕಟ್ಟಿದಾಗ ಪ್ರಾಸ್ಟೇಟ್ ಎಂದರು. ಆಮೇಲೆ ಎಂಆರ್‌ಐನಲ್ಲಿ ಬೆನ್ನುಹುರಿ ಊದಿರುವುದು ಕಂಡು ಸ್ಟೆರಾಯ್ಡ್ ಕೊಟ್ಟರು. ಮರುದಿನ ಎದ್ದು ನಿಲ್ಲಲೂ ಆಗಲಿಲ್ಲ. ಈಗ ಡ್ಯೂರಲ್ ಫಿಸ್ಟುಲಾ ಇರಬಹುದು, ಆಂಜಿಯೋಗ್ರಾಂ ಆಗಲೇಬೇಕು ಎನ್ನುತ್ತಿದ್ದಾರೆ. ಅಪಾಯವಲ್ಲವೇ?

ಉತ್ತರ: ಮುಂದೂಡುವುದೇ ಹೆಚ್ಚಿನ ಅಪಾಯ. ವಯಸ್ಸೊಂದು ಬಿಟ್ಟರೆ ಇದೇ ಕಥೆ ನನಗೆ ಮತ್ತೆ ಮತ್ತೆ ಬರುತ್ತದೆ. ಸಿಟ್ಟು ಬರುವುದು ನಿಮ್ಮ ಮೇಲಲ್ಲ. ಹುರಿ ಊದಿದೆ ಎಂದ ತಕ್ಷಣ ಸ್ಟೆರಾಯ್ಡ್ ಬರೆಯುವವರ ಮೇಲೆ. ಈ ಕಾಯಿಲೆಯಲ್ಲಿ ಅದರಿಂದ ಕಾಲು ದಿಢೀರನೆ ಬಿದ್ದುಹೋಗಬಹುದು. ಫೈಲಿನ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆಸಿ.

ಡ್ಯೂರಲ್ ಫಿಸ್ಟುಲಾ ಎಂದರೆ ಇಷ್ಟು: ಹುರಿಯ ಹೊದಿಕೆಯಲ್ಲಿ ಸಣ್ಣ ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಕೂಡಿಕೊಂಡಿರುತ್ತದೆ. ಆ ರಭಸಕ್ಕೆ ಹುರಿಯ ಮೇಲಿನ ಅಭಿಧಮನಿಗಳಲ್ಲಿ ಒತ್ತಡ ಏರಿ, ಹುರಿಯ ರಕ್ತ ಹೊರಹೋಗಲಾಗದೆ ಅಲ್ಲೇ ನಿಲ್ಲುತ್ತದೆ, ಕಟ್ಟಿದ ಚರಂಡಿಯ ನೀರು ಅಂಗಳದಲ್ಲಿ ನಿಂತ ಹಾಗೆ. ಊತಕ್ಕೆ ಕಾರಣ ಇದು. ಹುರಿಯ ರಕ್ತನಾಳದ ದೋಷಗಳಲ್ಲಿ ಇದೇ ಅತಿ ಸಾಮಾನ್ಯ. ಹಾಗಿದ್ದೂ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 5ರಿಂದ 10 ಮಂದಿಗೆ ಮಾತ್ರ ಬರುತ್ತದೆ, ಹೆಚ್ಚಿನವರು 50 ದಾಟಿದ ಗಂಡಸರು.

ಎಂಆರ್‌ಐನಲ್ಲಿ ಹುರಿಯ ಹಿಂಬದಿ ಕಪ್ಪು ಚುಕ್ಕೆಗಳ ಸಾಲು ಕಂಡರೆ ಅನುಮಾನ ಬಲವಾಗುತ್ತದೆ. ಸೊಂಟದ ಚಿತ್ರವಷ್ಟೇ ತೆಗೆಸಿದ್ದರೆ ಸಾಲದು. ಕೂಡುವ ಜಾಗ ಹೆಚ್ಚಾಗಿ ಎದೆಯ ಕೆಳಭಾಗದ ಮಟ್ಟದಲ್ಲಿರುತ್ತದೆ. ಅದು ಯಾವ ನಾಳ ಎಂದು ಖಚಿತವಾಗಿ ತೋರಿಸುವುದು ಆಂಜಿಯೋಗ್ರಾಂ. ಒಂದೊಂದೇ ರಕ್ತನಾಳಕ್ಕೆ ಕ್ಯಾಥೆಟರ್, ಅಂದರೆ ತೆಳು ಕೊಳವೆ, ಇಟ್ಟು ನೋಡಬೇಕು, ತಾಳ್ಮೆಯ ಕೆಲಸ. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ಹೇಳಿ. ಬೆನ್ನಿಗೆ ಪದೇಪದೇ ಕ್ಯಾಥೆಟರ್ ಹಾಕುವ ಅನುಭವವಿರುವ ತಂಡದ ಬಳಿಯೇ ಮಾಡಿಸಿ.

ಆಮೇಲೆ ಆ ಅಭಿಧಮನಿಯನ್ನು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಬಹುದು, ಇಲ್ಲವೇ ಕ್ಯಾಥೆಟರ್ ಮೂಲಕ ಅಂಟು ತುಂಬಬಹುದು. ಅಂಟು ಅಭಿಧಮನಿಯ ಬುಡಕ್ಕೆ ತಲುಪದಿದ್ದರೆ ಕಾಯಿಲೆ ಮರಳುತ್ತದೆ. ಅದೇ ಅಪಧಮನಿ ಹುರಿಗೂ ರಕ್ತ ಕೊಡುತ್ತಿದ್ದರೆ ಅಂಟಿನ ಮಾತೇ ಬೇಡ. ನಾನು ಶಸ್ತ್ರಚಿಕಿತ್ಸಕ, ಒಲವು ಕತ್ತರಿಯ ಕಡೆಗೇ. ಅದನ್ನು ಲೆಕ್ಕಕ್ಕೆ ಹಿಡಿದೇ ಓದಿ. ಕಾಲಿನ ಬಲ ಒಂದಿಷ್ಟು ಮರಳಬಹುದು, ಮೂತ್ರದ ಹಿಡಿತ ಅಷ್ಟು ಸುಲಭವಾಗಿ ಮರಳದು. ವಾರಗಟ್ಟಲೆ ಯೋಚಿಸುತ್ತಾ ಕೂರಬೇಡಿ.

ಪ್ರಶ್ನೆ: ಎಣ್ಣೆ ತಿಕ್ಕಿ ಬೆನ್ನು ಎಳೆದರೆ ನರದ ಗಂಟು ಬಿಡುತ್ತದಂತೆ, ಹೌದೇ?

ಉತ್ತರ: ಹುರಿ ಇರುವುದು ಮೂಳೆಯೊಳಗೆ. ಎಳೆಯುವವರ ಕೈಗೆ ಸಿಗುವುದು ನಿಮ್ಮ ಹಣ ಮಾತ್ರ.

ಪ್ರಶ್ನೆ: ಫಿಸ್ಟುಲಾ ಮಕ್ಕಳಿಗೂ ಬರುತ್ತದೆಯೇ?

ಉತ್ತರ: ಈ ಬಗೆಯದು ವಂಶಪಾರಂಪರ್ಯವಲ್ಲ.

ಪ್ರಶ್ನೆ: ಬೇರೇನೋ ನೋಡಲು ಹೋಗಿ ಹುರಿಯಲ್ಲಿ ಕ್ಯಾವರ್ನೋಮಾ (ಸಣ್ಣ ರಕ್ತನಾಳಗಳ ಗಂಟು) ಕಂಡಿದೆ, ತೊಂದರೆಯಿಲ್ಲ. ತೆಗೆಸಲೇ?

ಉತ್ತರ: ಸುಮ್ಮನಿರುವುದನ್ನು ಕೆಣಕಬೇಡಿ. ಕಾಲಿನಲ್ಲೋ ಮೂತ್ರದಲ್ಲೋ ಬದಲಾವಣೆ ಕಂಡರೆ ಅಂದೇ ನರಶಸ್ತ್ರಚಿಕಿತ್ಸಕರ ಬಳಿ ಹೋಗಿ.